ಎದೆಮಟ್ಟದ ಸಾಲು

ಗ್ರಂಥಾಲಯಕ್ಕೆ ದೇಣಿಗೆ ಕೊಡುವ ಪುಸ್ತಕ ತರಲು ಯಾರದಾದರೂ ಮನೆಗೆ ಹೋದಾಗ ಮೊದಲು ನೀರು ಕೇಳಿ. ನೀರಡಿಕೆ ಇರಲಿ, ಬಿಡಲಿ. ಅವರು ಒಳಗೆ ಹೋಗಿ ತಂಬಿಗೆ ತುಂಬಿ ತರುವವರೆಗೆ ಪುಸ್ತಕದ ಕಪಾಟಿನ ಎದುರು ಕುಳಿತು ನೋಡಿ. ಏನನ್ನೂ ಮುಟ್ಟಬೇಡಿ. ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬಂದು "ಬಾಯಾರ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಅನುಭವದ ಸಾರ ಇಷ್ಟೇ. ಉಳಿದದ್ದೆಲ್ಲ ಇಷ್ಟನ್ನು ನಾನು ಹೇಗೆ ಕಲಿತೆ ಎಂಬುದರ ವಿವರ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳಲ್ಲಿ ನನ್ನ ನೌಕರಿ ಮುಗಿಯಿತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನು ಬರೆಯುವುದಿಲ್ಲ. ಎಲ್ಲರ ಶಾಲೂ ಒಂದೇ ಬಣ್ಣದ್ದು. ಗ್ರಂಥಪಾಲಕರಿಗೆ ವಿದ್ಯೆ ಗ್ರಂಥಾಲಯದಲ್ಲಿ ಬರುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ಬಂದದ್ದು ಜನರ ಮನೆಗಳಲ್ಲಿ. ಯಾರೋ ಹೊಸ ಮನೆ ಕಟ್ಟಿಸುತ್ತಾರೆ, ಇಲ್ಲವೇ ಮನೆಯಲ್ಲಿ ಓದುತ್ತಿದ್ದವರು ತೀರಿಕೊಳ್ಳುತ್ತಾರೆ, ಪುಸ್ತಕ ಎಲ್ಲಿಡುವುದೆಂದು ತಿಳಿಯದೆ ನಮಗೆ ಹೇಳಿ ಕಳಿಸುತ್ತಾರೆ. ನಾವು ಹೋಗಿ ಬೇಕಾದದ್ದನ್ನು ಆರಿಸಿ ತರಬೇಕು. ಹೋದಲ್ಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ. ಇವನ್ನು ಹೇಗೆ ಜೋಡಿಸಿದ್ದೀರಿ? ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಏನಿಲ್ರಿ, ಹಂಗ ಇಟ್ಟೇವಿ." ಹಂಗ ಇಟ್ಟ ಒಂದು ಕಪಾಟನ್ನೂ ನಾನು ಇದುವರೆಗೆ ಕಂಡಿಲ್ಲ.

ಯಮಕನಮರಡಿಯಲ್ಲಿ ಲಾರಿ ಇಟ್ಟುಕೊಂಡಿದ್ದ ಒಂದು ಮನೆತನ. ಪಡಸಾಲೆಯ ಶೋಕೇಸಿನಲ್ಲಿ ಮದುವೆಗೆ ಬಂದ ಚಹದ ಕಪ್ಪುಗಳು, ಅವುಗಳ ನಡುವೆ ಒಂದೇ ಅಳತೆಯ, ಒಂದೇ ಬಣ್ಣದ ದಪ್ಪ ಪುಸ್ತಕಗಳು. ಕಿಟಕಿಯ ಪರದೆಯೂ ಅದೇ ಬಣ್ಣದ್ದು. ಕೀಲಿ ಅತ್ತೆಯ ಸೊಂಟದಲ್ಲಿ. ಇವನ್ನು ಯಾರು ಓದುತ್ತಾರೆ ಎಂದು ಕೇಳಿದೆ. "ಓದಾಕ ಅಲ್ರಿ ಬಾಯಾರ, ಬೀಗರು ಬಂದಾಗ ನೋಡಾಕ" ಎಂದರು ಅತ್ತೆ. ಆ ಖರೆ ಮಾತು ನನಗೆ ಹಿಡಿಸಿತು. ನೋಡಿಸಿಕೊಳ್ಳುವುದೂ ಪುಸ್ತಕದ ಕೆಲಸಗಳಲ್ಲಿ ಒಂದು, ಮೂಗು ಮುರಿಯಬೇಕಾಗಿಲ್ಲ.

ಮೂಡಲಗಿಯ ಬೆಲ್ಲದ ವ್ಯಾಪಾರಿ ಈರಪ್ಪಣ್ಣನವರ ಕಪಾಟು ಇನ್ನೂ ಬೇರೆ. ಇರುವೆ ಬಾರದಂತೆ ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದರು. ಒಳಗಿನ ಪುಸ್ತಕಗಳಿಗೆಲ್ಲ ಹಳೆ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಹೊರಗೆ ಕಾಣುವುದು ತಿಂಗಳ ಹೆಸರು, ತಿಥಿ, ಅಮಾವಾಸ್ಯೆ. ಪುಸ್ತಕದ ಹೆಸರು ಎಲ್ಲೂ ಇಲ್ಲ.

"ಹೆಸರ ಬರದಿಲ್ಲಲ್ರಿ ಯಾವುದರ ಮ್ಯಾಲೂ" ಎಂದೆ.

"ಹೆಸರ ಯಾಕ ಬೇಕ್ರಿ? ಹೊಲದ ಕೆಲಸದ್ದೆಲ್ಲಾ ಜೂನದಾಗ ಅದಾವ. ಪುರಾಣ ಆಗಸ್ಟದಾಗ, ಶ್ರಾವಣ ಬರ್ತೈತಲ್ಲ. ಲಗ್ನದ ಹಾಡು ಮೇ ತಿಂಗಳದಾಗ."

"ಮತ್ತ ಡಿಸೆಂಬರದಾಗ?"

"ಅವು ಓದಿ ಮುಗದಾವ್ರಿ."

ಅವರಿಗೆ ಪುಸ್ತಕ ಕೊಡುವ ಮನಸ್ಸಿರಲಿಲ್ಲ. ತಮ್ಮ ಕಪಾಟನ್ನು ತಿಳಿದವರು ಒಮ್ಮೆ ನೋಡಲಿ ಎಂದಷ್ಟೇ ಕರೆಸಿದ್ದರು. ನಾನು ಬೆಲ್ಲ ತಿಂದು, ನೀರು ಕುಡಿದು, ಖಾಲಿ ಚೀಲ ಹಿಡಿದು ಬಂದೆ. ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಗ್ರಂಥಾಲಯದ ಪದ್ಧತಿಯಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಅಂಕಿ, ಬೇಸಾಯಕ್ಕೆ ಆರುನೂರರದು, ಅವರಲ್ಲಿ ಜೂನ್. ಜೂನಿನಲ್ಲಿ ಮಳೆಯಾದರೂ ಬರುತ್ತದೆ.

ಇದನ್ನು ನಮ್ಮ ಸಾಹೇಬರ ಮುಂದೆ ಹೇಳಿದಾಗ ಅವರು ನಗಲಿಲ್ಲ. ಮೈಸೂರು ಕಡೆಯಿಂದ ಬಂದ ಅಧಿಕಾರಿ, ಕೆಲಸದಲ್ಲಿ ಬಹಳ ಶ್ರದ್ಧೆ. ಧರ್ಮ ಇನ್ನೂರರಲ್ಲಿ, ಬೇಸಾಯ ದನಕರು ಆರುನೂರರಲ್ಲಿ, ಸಾಹಿತ್ಯ ಎಂಟುನೂರರಲ್ಲಿ ಎಂಬ ಅಂಕಿಗಳ ಮೇಲೆ ಅವರಿಗೆ ಅಪಾರ ನಂಬಿಕೆ. ನಾಡಿನ ಪ್ರತಿ ಮನೆಯ ಕಪಾಟೂ ಹೀಗೇ ಇದ್ದರೆ ಕಣ್ಣು ಮುಚ್ಚಿಕೊಂಡು ಪುಸ್ತಕ ಹುಡುಕಬಹುದು ಎನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಎಂಬ ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಅವರೊಡನೆ ಗೋಕಾಕದ ಒಬ್ಬ ನಿವೃತ್ತ ಹೆಡ್ಮಾಸ್ತರರ ಮನೆಗೆ ಹೋಗಿದ್ದೆ. ಮಾಸ್ತರರು ಕಪಾಟು ತೋರಿಸಿ, "ಸಾಲೀವು ಎಲ್ಲಾ ಒಯ್ರಿ ಸಾಹೇಬ್ರ, ಉಳದದ್ದು ನಮಗ ಇರ್ಲಿ" ಎಂದು ಹೇಳಿ ಸ್ನಾನಕ್ಕೆ ಹೋದರು. ನಾನು ಒಳಗೆ ಅವರ ಹೆಂಡತಿಯೊಡನೆ ಚಹ ಕುಡಿಯುತ್ತಿದ್ದೆ. ನಮ್ಮ ಕಡೆ ಸಾಲಿ ಎಂದರೆ ಶಾಲೆ. ಸಾಹೇಬರು ತಿಳಿದದ್ದು ಸಾಲು. ಎಲ್ಲ ಸಾಲುಗಳನ್ನೂ ಒಯ್ಯಿರಿ ಎಂದರಲ್ಲ ಎಂದು ಮೇಲಿನಿಂದ ಕೆಳಗಿನವರೆಗೆ ಅಷ್ಟೂ ಪುಸ್ತಕ ಇಳಿಸಿ ಟೆಂಪೋಕ್ಕೆ ಹೇರಿಸಿದರು. ಉಳಿದದ್ದು ಎಂದರೆ ಖಾಲಿ ಕಪಾಟು ಎಂದುಕೊಂಡರು. ಮಾಸ್ತರರು ತಲೆ ಒರೆಸಿಕೊಳ್ಳುತ್ತ ಬಂದು ನೋಡಿ ಹಾಗೆಯೇ ನಿಂತರು.

"ಸಾಹೇಬ್ರ, ನಾ ಸಾಲೀವು ಅಂದ್ನಿ."

"ನಾನೂ ಸಾಲುಗಳನ್ನೇ ತೆಗೆಸಿದ್ದು."

"ಸಾಲಿ ಅಂದ್ರ ಮಕ್ಕಳು ಕಲಿಯೋ ಸಾಲಿರಿ."

"ಓ, ಶಾಲೆ" ಎಂದರು ಸಾಹೇಬರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಮತ್ತೆ ಎಲ್ಲ ಇಳಿಸಿದೆವು. ಮೊದಲು ಯಾವುದು ಎಲ್ಲಿತ್ತೆಂದು ಯಾರಿಗೂ ನೆನಪಿಲ್ಲ. ಸಾಹೇಬರು ಅಂಗಿಯ ತೋಳು ಮಡಚಿ ತಾವೇ ಅಂಕಿಯ ಪ್ರಕಾರ ಜೋಡಿಸಿ, ಪ್ರತಿ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದರು. ಮಾಸ್ತರರಿಗೆ ಅದು ಬಹಳ ಸೇರಿತು. ತಮ್ಮ ಮನೆಯೇ ಗ್ರಂಥಾಲಯವಾಯಿತೆಂದು ಊರೆಲ್ಲ ಹೇಳಿದರು. ಆಮೇಲೆ ರವಿವಾರ ಬಂತೆಂದರೆ ಸಾಹೇಬರಿಗೆ ಯಾವುದಾದರೂ ಮನೆಯಿಂದ ಕರೆ ಬರತೊಡಗಿತು. ಅವರು ಒಂದು ಪೈಸೆ ಮುಟ್ಟದೆ, ಗೋಂದಿನ ಬಾಟಲಿ ಹಿಡಿದು ಹೋಗುತ್ತಿದ್ದರು. ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಖುಷಿ. ಅದರಲ್ಲಿ ತಪ್ಪು ಹುಡುಕಲು ನನಗೂ ಕಾರಣವಿರಲಿಲ್ಲ.

ಹಾಗೆ ಕರೆದವರಲ್ಲಿ ಹುಕ್ಕೇರಿಯ ಮಹಾಂತೇಶ ಒಬ್ಬರು. ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಅವರದು. ತಂದೆ ಶಿವಪುತ್ರಪ್ಪನವರು ಹಿಡಕಲ್ ಡ್ಯಾಮಿನ ಗೇಟುಗಳ ಮೇಲೆ ದುಡಿದು ನಿವೃತ್ತರಾದವರು. ಆಮೇಲೆ ಅವರ ಎರಡೂ ಕಣ್ಣು ಹೋದವು. ಅವರ ಪುಸ್ತಕಗಳು ಮೊದಲಿನಿಂದಲೂ ನಡುಮನೆಯ ಗೋಡೆಗೆ ಬಡಿದ ಹಲಗೆಗಳ ಮೇಲಿದ್ದವು. ಹಲಗೆಗೆ ಗೆದ್ದಲು ಬಂತೆಂದು ಮಗ ಸಾಗವಾನಿಯ, ಗಾಜಿನ ಬಾಗಿಲಿನ ಒಳ್ಳೆಯ ಕಪಾಟು ಮಾಡಿಸಿದರು. ಅಪ್ಪನನ್ನು ಎರಡು ದಿನ ಸಂಕೇಶ್ವರದ ಮಗಳ ಮನೆಗೆ ಕಳಿಸಿ, ಅವರು ಬರುವಷ್ಟರಲ್ಲಿ ಸಾಹೇಬರನ್ನು ಕರೆಸಿ ಪುಸ್ತಕಗಳನ್ನು ಗ್ರಂಥಾಲಯದ ಹಾಗೆ ಜೋಡಿಸಿದರು. ಆಗ ನಾನು ಹುಕ್ಕೇರಿಯಲ್ಲೇ ಕೆಲಸದಲ್ಲಿದ್ದೆ. ಕಪಾಟು ಚಂದವಾಗಿದೆ ಎಂಬ ಸುದ್ದಿ ನನಗೂ ಬಂತು.

ಕೆಲವು ವಾರಗಳಾದ ಮೇಲೆ ಒಂದು ಮುಂಜಾನೆ ಮಹಾಂತೇಶರ ಹೆಂಡತಿ ಸುವರ್ಣಾ ಗ್ರಂಥಾಲಯಕ್ಕೆ ಬಂದಳು. ಪೇಪರ್ ಓದುವವರೆಲ್ಲ ಎದ್ದು ಹೋಗುವವರೆಗೆ ಕಾದು ನನ್ನ ಮೇಜಿನ ಹತ್ತಿರ ಬಂದಳು.

"ಬಾಯಾರ, ನಿಮ್ಮ ಸಾಹೇಬ್ರು ನಮ್ಮ ಮನಿ ಕಪಾಟ ಹಚ್ಚಿ ಹೋದ್ರಲ್ರಿ."

"ಹೌದವಾ. ಚಂದ ಆಗೇತಂತ ಕೇಳೇನಿ."

"ಚಂದ ಆಗೇತ್ರಿ. ಖರೆ, ನನಗ ಬಾಯಿಪಾಠ ಬರೋದೆಲ್ಲಾ ಮುಗೀತ್ರಿ."

ನನಗೆ ತಿಳಿಯಲಿಲ್ಲ. ಕುಳಿತುಕೊಳ್ಳಲು ಹೇಳಿದೆ. ಆಕೆ ಹೇಳಿದ್ದು ಇದು.

ಕಣ್ಣು ಹೋದ ಮೇಲೆ ಮಾವನಿಗೆ ಎಲ್ಲವೂ ಕೂತಲ್ಲಿಗೇ ಬರುತ್ತಿತ್ತು. ತಾಟು, ನೀರು, ಧೋತರ, ಗುಳಿಗೆ. ಪುಸ್ತಕ ಒಂದು ಮಾತ್ರ ಅವರ ಕೈಯಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ದಿನಾ ಮಧ್ಯಾಹ್ನ ಅವರೇ ಮಂಚದಿಂದ ಎದ್ದು, ಗೋಡೆ ಹಿಡಿದು ಹೋಗಿ, ಹಲಗೆಯ ಮೇಲಿಂದ ವಚನದ ಪುಸ್ತಕ ತೆಗೆದು ತಂದು "ಹಿಡಿ ಯವ್ವಾ" ಎಂದು ಸೊಸೆಯ ಕೈಗೆ ಕೊಡುವರು. ಆಕೆ ಓದುವಳು. ಮಗ ಮೊಬೈಲಿನಲ್ಲಿ ವಚನ ಹಚ್ಚಿಕೊಟ್ಟಿದ್ದನಂತೆ. "ಅದು ನನ್ನ ಕಡೆ ಬರ್ತೈತಿ. ನಾ ಅದರ ಕಡೆ ಎದ್ದ ಹೋಗೂದಿಲ್ಲಲ್ಲ" ಎಂದು ತಿರುಗಿ ಕೊಟ್ಟಿದ್ದರು.

ಹೊಸ ಕಪಾಟು ಬಂದ ಮೇಲೂ ಅವರು ಎಂದಿನಂತೆ ಎದ್ದು ಹೋಗಿ, ಎಂದಿನ ಎತ್ತರಕ್ಕೆ ಕೈ ಹಾಕಿ, ಒಂದು ಪುಸ್ತಕ ತಂದು ಸೊಸೆಗೆ ಕೊಟ್ಟು, "ಬಿಟ್ಟಲ್ಲಿಂದ ಓದು" ಎಂದರು. ಸುವರ್ಣಾ ನೋಡುತ್ತಾಳೆ, ಅದು ಕೋಳಿ ಸಾಕಣೆಯ ಪುಸ್ತಕ.

ಲಿಂಗವಂತರ ಮನೆಗೆ ಕೋಳಿ ಸಾಕಣೆ ಹೇಗೆ ಬಂತು ಎಂದರೆ, ಮಹಾಂತೇಶ ಕಾಲೇಜು ಮುಗಿಸಿದ ಹೊಸದರಲ್ಲಿ ಕೋಳಿ ಫಾರಂ ಮಾಡುತ್ತೇನೆಂದು ಅದನ್ನು ತಂದಿದ್ದರು. ಅಪ್ಪ ಒಪ್ಪಿರಲಿಲ್ಲ. ಪುಸ್ತಕ ಮಾತ್ರ ಮೂಲೆಯಲ್ಲಿ ಉಳಿದಿತ್ತು. ಮೇಲಿನಿಂದ ಕೆಳಕ್ಕೆ ಏರುವ ನಮ್ಮ ಸಾಹೇಬರ ಅಂಕಿಯಲ್ಲಿ ಕೋಳಿ ಆರುನೂರರದು, ಕಪಾಟಿನಲ್ಲಿ ಸರಿಯಾಗಿ ನಡುವಿನ ಖಾನೆಗೆ ಬಂತು. ವಚನ ಎಂಟುನೂರರದು, ಎಲ್ಲಕ್ಕಿಂತ ಕೆಳಗೆ ಹೋಯಿತು.

"ಕೆಳಗ ಅಂದ್ರ ಕಾಲಿನ ಮಟ್ಟಕ್ರಿ" ಎಂದಳು ಸುವರ್ಣಾ. "ಅವು ಯಾವಾಗ್ಲೂ ಲಿಂಗದ ಮಟ್ಟಕ್ಕ ಇರ್ತಿದ್ದುರಿ. ಕೊರಳಾಗಿನ ಲಿಂಗಕ್ಕಿಂತ ವಚನ ಕೆಳಗ ಇರಬಾರದು ಅಂತಾರ ಮಾವಾರು."

ಆ ದಿನ ಆಕೆ ಪುಸ್ತಕ ಹಿಡಿದು ಯೋಚಿಸಿದಳು. ಇದು ಬೇರೆ ಪುಸ್ತಕ ಎಂದರೆ ಮಾವ ನೊಂದುಕೊಳ್ಳುತ್ತಾರೆ. ಎದ್ದು ಬೇರೆ ತರೋಣವೆಂದರೆ ಗಾಜಿನ ಬಾಗಿಲು ಸಪ್ಪಳ ಮಾಡುತ್ತದೆ. ಕೋಳಿಯ ಪುಸ್ತಕವನ್ನೇ ಬಿಚ್ಚಿ ಹಿಡಿದು, ತನಗೆ ಬಾಯಿಗೆ ಬರುತ್ತಿದ್ದ ವಚನ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಮರುದಿನ ಅದೇ ಪುಸ್ತಕ ಬಂತು. ಅದರ ಮರುದಿನವೂ ಅದೇ. ಒಮ್ಮೆ ಆಕೆ ನಿಜವಾದ ವಚನದ ಪುಸ್ತಕವನ್ನು ಮೊದಲೇ ಸೆರಗಿನೊಳಗೆ ಇಟ್ಟುಕೊಂಡು ಕುಳಿತಳು. ಹಾಳೆ ತಿರುವಿದೊಡನೆ ಅವರು, "ಎರಡ ಪುಸ್ತಕ ಯಾಕ ತಗದೀ?" ಎಂದರು. ಆಕೆ ಅದನ್ನು ಮತ್ತೆ ಸೆರಗಿನೊಳಗೆ ತುರುಕಿದಳು. ಅಂದಿನಿಂದ ಬರೀ ಬಾಯಿಪಾಠವೇ.

"ಬರೋದೆಲ್ಲಾ ಹೇಳಿದ್ನಿರಿ. ನಿನ್ನೆ ಹೇಳಿದ್ದ ಮತ್ತ ಹೇಳೇನಿ. ಅವರು ಏನೂ ಅನಲಿಲ್ಲ. ಇವತ್ತ ಏನ ಹೇಳ್ಲಿ?"

"ಮಹಾಂತೇಶಗ ಹೇಳಬೇಕಿಲ್ಲೋ?"

"ಅವರ ಜೀವಕ್ಕ ಹತ್ತತೈತ್ರಿ. ಅಪ್ಪಾರ ಸಲುವಾಗಿ ಎಷ್ಟ ಆಸೆಲೆ ಮಾಡ್ಸ್ಯಾರ. ಮಾವಾರಿಗೆ ಹೇಳಿದ್ರ, ಇಷ್ಟ ದಿನಾ ಕೋಳಿ ಪುಸ್ತಕ ತಂದ ಕೊಟ್ನೆಲ್ಲಾ ಅಂತ ಕುಂತ ಬಿಡ್ತಾರ. ಮತ್ತ ಎದ್ದ ಹೋಗೂದಿಲ್ಲ ಬಾಯಾರ. ಆ ಒಂದಕ್ಕ ಏಳ್ತಾರವರು."

ನಾನು ಅಂದೇ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ವಚನ ಎಂಟುನೂರರಲ್ಲೇ ಅಲ್ಲವೇನಮ್ಮಾ ಬರೋದು?"

"ಗ್ರಂಥಾಲಯದಾಗ ಹೌದ್ರಿ ಸರ್."

"ಅವರಿಗೆ ಕಣ್ಣು ಕಾಣಿಸೋದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೀವು ಹೋಗಿ ಮೊದಲಿನ ಹಾಗೆ ಮಾಡಿಕೊಡಿ. ಚೀಟಿ ಮಾತ್ರ ಕೀಳಬೇಡಿ, ಬೆನ್ನು ಹರಿಯುತ್ತೆ." ಇಷ್ಟು ಹೇಳಿ ನನಗೆ ಅರ್ಧ ದಿನದ ರಜೆ ಕೊಟ್ಟರು. ನನ್ನ ಮೇಲಧಿಕಾರಿಗಳಲ್ಲಿ ಹೀಗೆ ತಮ್ಮ ಕೆಲಸವನ್ನು ತಾವೇ ಅಳಿಸಲು ಹೇಳಿದವರು ಹೆಚ್ಚಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ದಿನ.

ಸೋಮವಾರ ಮಹಾಂತೇಶ ತಂದೆಯನ್ನು ಮಠಕ್ಕೆ ಕರೆದುಕೊಂಡು ಹೋಗುವ ವಾಡಿಕೆ. ಅವರು ಹೊರಟೊಡನೆ ನಾನು ಹೋದೆ. ಜಮಖಾನೆ ಹಾಸಿ ಪುಸ್ತಕಗಳನ್ನೆಲ್ಲ ಅದರ ಮೇಲೆ ಇಳಿಸಿದೆವು. ಕಷ್ಟ ಆಮೇಲೆ ತಿಳಿಯಿತು. ಹಲಗೆಯ ಮೇಲೆ ಯಾವುದರ ಪಕ್ಕ ಯಾವುದಿತ್ತು ಎಂಬುದು ಸುವರ್ಣಾಗೆ ಗೊತ್ತಿರಲಿಲ್ಲ. ಆಕೆ ಯಾವತ್ತೂ ಹಲಗೆ ನೋಡಿದವಳಲ್ಲ. ಕೈಗೆ ಬಂದದ್ದನ್ನು ಓದಿದವಳು.

"ಮಾವಾರು ಹೆಂಗ ತಗೀತಿದ್ರು? ಒಂದ ಮುಗದ ಮ್ಯಾಲ ಯಾವುದು?"

"ಅದರ ಬಾಜೂದ್ದು. ಕಡೀದು ಮುಗದ್ರ ಮತ್ತ ಮೊದಲನೇದರಿಂದ."

ಹಾಗಾದರೆ ಓದಿದ ಕ್ರಮವೇ ಇಟ್ಟ ಕ್ರಮ. ಆಕೆ ಒಂದೊಂದಾಗಿ ನೆನೆಸಿಕೊಂಡು ಕೊಟ್ಟಂತೆ ನಾನು ನಡುವಿನ ಖಾನೆಯಲ್ಲಿ ಇಡುತ್ತ ಹೋದೆ. ಒಂದು ಕಡೆ ಸಿಕ್ಕಿಬಿದ್ದೆವು. ಒಂದೇ ಗಾತ್ರದ ಪುಸ್ತಕಗಳು, ಯಾವುದು ಮೊದಲು ಎಂದು ಹೊಳೆಯದು. ಆಕೆ ಕಣ್ಣು ಮುಚ್ಚಿ ಹಿಂದಿನ ಪುಸ್ತಕದ ಕೊನೆಯ ವಚನ ಹೇಳಿದಳು. ಅದು ಮುಗಿಯುತ್ತಲೇ ಬಾಯಿ ತಾನಾಗಿ ಮುಂದಿನ ಪುಸ್ತಕದ ಮೊದಲ ವಚನಕ್ಕೆ ಹೋಯಿತು. ತಲೆ ಮರೆತದ್ದು ನಾಲಿಗೆಗೆ ಗೊತ್ತಿತ್ತು. ಉಳಿದವನ್ನೂ ಹಾಗೆಯೇ ಹೊಂದಿಸಿದೆವು. ಕೋಳಿಯ ಪುಸ್ತಕವನ್ನು ಕೆಳಗಿನ ಖಾನೆಯ ಮೂಲೆಗೆ ತಳ್ಳಿದೆ.

ತಂದೆ ಮಗ ಮಠದಿಂದ ಬಂದ ಮೇಲೆ ನನ್ನನ್ನು ಊಟಕ್ಕೆ ನಿಲ್ಲಿಸಿಕೊಂಡರು. ಮಹಾಂತೇಶ ಊಟ ಮಾಡಿ ಅಂಗಡಿಗೆ ಹೋದರು, ಕಪಾಟಿನ ಕಡೆ ನೋಡಲಿಲ್ಲ. ಶಿವಪುತ್ರಪ್ಪನವರು ಒಂದು ನಿದ್ದೆ ತೆಗೆದು ಎದ್ದರು. ನಾನು ಅಲ್ಲೇ ಚಾಪೆಯ ಮೇಲೆ ಕುಳಿತಿದ್ದೆ. ಅವರು ಕಪಾಟಿನ ಮುಂದೆ ನಿಂತು, ಬಾಗಿಲು ತೆಗೆದು, ಅಂಗೈಯನ್ನು ಅಂಗಿಯ ಮೇಲಿನಿಂದ ಎದೆಯ ಲಿಂಗದ ಮೇಲೆ ಇಟ್ಟುಕೊಂಡರು. ಆ ಕೈಯನ್ನು ಅದೇ ಮಟ್ಟದಲ್ಲಿ ನೇರ ಮುಂದಕ್ಕೆ ಚಾಚಿದರು. ಅವರ ಅಳತೆ ಅದು. ಬೆರಳು ಪುಸ್ತಕಗಳ ಬೆನ್ನಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಿರುಗಿ ಬಂದು, ಒಂದು ಕಡೆ ನಿಂತಿತು. ಬಹಳ ಹೊತ್ತು ನಿಂತಿತು.

"ಹಿಡಿ ಯವ್ವಾ."

ಸುವರ್ಣಾ ಹಿಡಿದಳು. ಸರಿಯಾದ ಪುಸ್ತಕ. ಬಿಚ್ಚಿ ಓದಿದಳು. ಒಂದು ಪುಟ ಆಗಿರಬೇಕು. ಅವರು ಕೈ ಎತ್ತಿ ನಿಲ್ಲಿಸಿದರು.

"ಆ ಕೋಳಿ ಪುಸ್ತಕ ಎಲ್ಲಿಟ್ರಿ?"

ಸುವರ್ಣಾ ನನ್ನ ಮುಖ ನೋಡಿದಳು. ನಾನು ಚಾಪೆ ನೋಡಿದೆ.

"ಕೆಳಗ ಐತ್ರಿ ಮಾವಾರ."

"ತಾ ಇಲ್ಲೆ."

ತಂದುಕೊಟ್ಟಳು. ಅವರು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. "ಪಿನ್ನ ಹೊಡದ ಪುಸ್ತಕ ಈ ಮನ್ಯಾಗ ಇದೊಂದ. ಕೈಗೆ ಹತ್ತಿದ ಕೂಡ್ಲೆ ಗೊತ್ತಾತು."

"ಗೊತ್ತಿದ್ದೂ ನನಗ ಕೊಟ್ರಿ?"

"ಮೊದಲನೇ ದಿನಾ ಕೈ ತಪ್ಪಿದಾಗ, ಈ ಮನಿ ನಂದಲ್ಲ ಅನಿಸ್ತು ಯವ್ವಾ. ಮಗಾ ಆಸೆಲೆ ಮಾಡ್ಸ್ಯಾನು, ಏನಂತ ಹೇಳ್ಲಿ? ತಂದದ್ದ ನಿನ್ನ ಕೈಯಾಗ ಇಟ್ಟೆ. ನೀ ಇದರಾಗಿಂದ ವಚನ ಓದಿದಿ." ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಮರುದಿನಾ ಬೇಕಂತ ಇದನ್ನ ತಂದ್ನಿ. ನೋಡಿ ಓದೂದು ಇಷ್ಟ ವರ್ಷ ಕೇಳೇನಿ. ನೀ ಬಾಯಿಲೆ ಹೇಳೂದು ಕೇಳಬೇಕಾಗಿತ್ತು."

ಸುವರ್ಣಾ ಸೆರಗು ಮುಖಕ್ಕೆ ಹಿಡಿದಳು. ನನಗೂ ಕಣ್ಣು ತುಂಬಿದವು, ಒರೆಸಿಕೊಂಡೆ. ಅವರು ತಾವೇ ಎದ್ದು ಹೋಗಿ, ಎದೆ ಮುಟ್ಟಿಕೊಂಡು, ಕೈ ಚಾಚಿ, ಆ ತೆಳು ಪುಸ್ತಕವನ್ನು ವಚನಗಳ ಪಕ್ಕದಲ್ಲಿ ನಿಲ್ಲಿಸಿದರು.

"ಇದನ್ನ ಇಲ್ಲಿಂದ ತಗೀಬ್ಯಾಡ್ರಿ" ಎಂದರು.

ಈಗ ನನ್ನ ಹಳೆಯ ಕುರ್ಚಿಯಲ್ಲಿ ಕೂತಿರುವವರಿಗೆ ಒಂದು ಮಾತು. ಎಂದಾದರೂ ಹುಕ್ಕೇರಿಯ ಆ ಮನೆಗೆ ಹೋದರೆ, ನೀರು ಕೇಳಿ, ಕುಳಿತು ನೋಡಿ. ಬೆನ್ನಿಗೆ ಆರುನೂರರ ಚೀಟಿ ಅಂಟಿದ ಕೋಳಿ ಸಾಕಣೆಯ ಪುಸ್ತಕ ವಚನಗಳ ಸಾಲಿನಲ್ಲಿ ಕಾಣುತ್ತದೆ. ತಪ್ಪಿ ಬಂದಿದೆಯೆಂದು ತೆಗೆಯಲು ಹೋಗಬೇಡಿ. ಅದರ ಜಾಗ ಅದೇ.